ಗೋಡೆ ಇಲ್ಲದ ಡಬ್ಬ

ನಾನು ನಿವೃತ್ತ ನೌಕರ. ಹೀಗೆ ಹೇಳಿದಾಗಲೆಲ್ಲ ಜನ ಮೊದಲು ನನ್ನ ತಲೆ ನೋಡುತ್ತಾರೆ. ಕೂದಲು ಪೂರಾ ಕಪ್ಪಗಿದೆ, ಬಣ್ಣ ಹಚ್ಚಿದ್ದಲ್ಲ. ಹೆಣ್ಣು ನೋಡಲು ಹೋದ ಮನೆಯಲ್ಲಿ ನಮ್ಮಪ್ಪ ನಿಜ ಹೇಳುವ ಹುಮ್ಮಸ್ಸಿನಲ್ಲಿ "ಹುಡುಗ ರಿಟೈರ್ಡು" ಅಂದುಬಿಟ್ಟರು. ಕೇಸರಿಬಾತ್ ತರಲು ಒಳಗೆ ಹೋದವರು ಮತ್ತೆ ಈಚೆಗೆ ಬರಲೇ ಇಲ್ಲ. ಕಂಪನಿ ನಮಗೆ ಕೊಟ್ಟಿದ್ದು ಸ್ವಯಂ ನಿವೃತ್ತಿ. ಬಸ್ಸಿನ ಬಾಗಿಲಲ್ಲಿ ನಿಂತವನನ್ನು ಹಿಂದಿನವರು ನೂಕಿದಾಗ ಅವನು ಸ್ವಯಂ ಇಳಿಯುತ್ತಾನಲ್ಲ, ಆ ಜಾತಿಯದು.

ಬಾಶೆಟ್ಟಿಹಳ್ಳಿಯ ಕಾರ್ಖಾನೆಗಳಿಗೆ ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಈಗಲೂ ನನ್ನನ್ನು ಟೀ ಅಂಗಡಿಯಲ್ಲಿ ಹಿಡಿದು ಕೇಳುತ್ತಾರೆ: "ಸೀನಣ್ಣಾ, ಪ್ಯಾಕಿಂಗ್ ಸೆಕ್ಷನ್ ಹೆಂಗೆ? ಈಜಿನಾ?" ಈಜಿಯೇ. ಸರಕು ಎತ್ತಬೇಕು, ಡಬ್ಬಕ್ಕೆ ಹಾಕಬೇಕು, ಮುಚ್ಚಳ ಬಡಿಯಬೇಕು. ಉಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ನಮ್ಮ ಕಂಪನಿ ಮಾಡುತ್ತಿದ್ದದ್ದು ಪಿಂಗಾಣಿ ಗುಂಡು. ಆಡುವ ಗೋಲಿಗಿಂತ ಒಂದಿಷ್ಟು ದಪ್ಪ, ಹಾಲಿನ ಬಿಳುಪು. ರಾಸಾಯನಿಕ ಕಾರ್ಖಾನೆಗಳಲ್ಲಿ ಎತ್ತರದ ಗೋಪುರದಂಥ ಕೊಳವೆಗಳಿರುತ್ತವೆ, ಅದರೊಳಗೆ ಇವನ್ನು ತುಂಬುತ್ತಾರೆ. ಗುಂಡುಗಳ ಸಂದಿಯಲ್ಲಿ ಅನಿಲ ಹಾಯುತ್ತದೆ. ಸೇರಿದ ಹೊಸದರಲ್ಲಿ ನನಗೆ ಇದು ಗೊತ್ತಿರಲಿಲ್ಲ. ದೊಡ್ಡ ಗುಂಡಿನ ಡಬ್ಬದಲ್ಲಿ ಸಂದಿ ಕಂಡು, ಬುದ್ಧಿವಂತಿಕೆ ಉಕ್ಕಿ ಬಂದು, ಸಣ್ಣ ಗುಂಡುಗಳನ್ನು ಅದರ ನಡುವೆ ಸುರಿದು ಡಬ್ಬವನ್ನು ಭರ್ತಿ ಮಾಡಿ ಕಳಿಸಿದೆ. ಸರಕು ವಾಪಸ್ ಬಂತು. ಗಿರಾಕಿಯ ಗೋಪುರದಲ್ಲಿ ಗಾಳಿ ಹಾಯಲು ಜಾಗವೇ ಇರಲಿಲ್ಲವಂತೆ. ಅವತ್ತಿನ ಸೂಪರ್‌ವೈಸರ್ ನನಗೆ ಹೇಳಿದ ಮಾತು ಒಂದೇ, ಆದರೆ ಅದು ಪಾಠ. ನಾವು ಮಾರೋದು ಗುಂಡು, ಅವರು ಕೊಳ್ಳೋದು ಸಂದಿ. ಈ ಮಾತನ್ನು ಅವರದೇ ಮೂಗಿನ ದನಿಯಲ್ಲಿ ಸೆಕ್ಷನ್ನಿಗೆಲ್ಲ ಹೇಳಿ ತೋರಿಸಿದೆ. ಆವತ್ತಿನಿಂದ ನನ್ನ ಹೆಸರು ಮಿಮಿಕ್ರಿ ಸೀನ ಆಯಿತು.

ಈ ಕಸುಬು ನಾನು ಕಲಿತದ್ದು ಮನೆಯಲ್ಲಿ. ಹುಟ್ಟಿದ್ದು ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಿ. ಪವರ್‌ಲೂಮ್ ಓಡುವ ಮನೆಯಲ್ಲಿ ಮಾತು ಕೇಳಿಸುವುದಿಲ್ಲ, ಕಾಣಿಸುತ್ತದೆ. ಅಮ್ಮ ಊಟಕ್ಕೆ ಕರೆಯುತ್ತಿದ್ದಾಳೋ ಬೈಯುತ್ತಿದ್ದಾಳೋ ಅವಳ ಹುಬ್ಬು ನೋಡಿ ತಿಳಿಯಬೇಕು. ಅಪ್ಪನ ಕೆನ್ನೆ ಅಲುಗಿದರೆ ದಾರ ಹರಿದಿದೆ ಎಂದರ್ಥ. ಮುಖ ಓದಲು ಬರದ ಮಕ್ಕಳು ಆ ಮನೆಗಳಲ್ಲಿ ಹಸಿದು ಮಲಗುತ್ತಾರೆ. ಓದಲು ಬಂದರೆ ಬರೆಯಲೂ ಬರುತ್ತದೆ. ನಾನು ಬೇರೆಯವರ ಮುಖವನ್ನು ನನ್ನ ಮುಖದ ಮೇಲೆ ಬರೆದುಕೊಳ್ಳಲು ಶುರು ಮಾಡಿದೆ. ಮಗ್ಗ ಮಾತ್ರ ನನಗೆ ಒಗ್ಗಲಿಲ್ಲ. ನಾನು ನೇಯ್ದ ಸೀರೆಯನ್ನು ನೋಡಿ ಸೇಟು ಇದನ್ನು ಉಡಬೇಕೋ, ಇದರಲ್ಲಿ ಮೀನು ಹಿಡಿಯಬೇಕೋ ಎಂದು ಕೇಳಿದ್ದರು.

ಪ್ಯಾಕಿಂಗ್ ಸೆಕ್ಷನ್ನಿನ ನಾಯಕಿ ಲಕ್ಷ್ಮಕ್ಕ. ತೂಬಗೆರೆಯವಳು. ಕಂಪನಿಯ ಗೇಟಿಗೆ ಬಣ್ಣ ಬಳಿಯುವುದಕ್ಕೆ ಮೊದಲೇ ಬಂದು ಸೇರಿದವಳು, ಆದರೂ ಲೆಕ್ಕದಲ್ಲಿ ಸದಾ ಹೊಸಬಳು. ವರ್ಷ ವರ್ಷ ಕಂಟ್ರಾಕ್ಟರ್ ಬದಲಾಗುತ್ತಿದ್ದ, ಒಬ್ಬನೇ ಮನುಷ್ಯ ಬೇರೆ ಹೆಸರಿನ ಬೋರ್ಡಿನಲ್ಲಿ. ಆಗೆಲ್ಲ ಅಕ್ಕನ ಸೇವೆ ಮತ್ತೆ ಮೊದಲಿನಿಂದ. ಗೇಟಿನಲ್ಲಿ ಹೊಸ ಸೆಕ್ಯುರಿಟಿಯವನು "ಹೊಸಬ್ರಾ?" ಎಂದು ಕೇಳಿ ಪಾಸು ಬರೆಯುತ್ತಿದ್ದ. ಸೆಕ್ಷನ್ನಿನಲ್ಲಿ ಪರ್ಮನೆಂಟ್ ಆಗಿದ್ದವನು ನಾನೊಬ್ಬನೇ. ಅವಳಿಗೆ ಬೇಕಾಗಿದ್ದದ್ದೂ ಅದೊಂದೇ.

"ಪರ್ಮನೆಂಟ್ ಆಗ್ಬೇಕು ಕಣೋ ಸೀನ," ಅನ್ನುತ್ತಿದ್ದಳು. "ಸಂಬಳ ಹೆಚ್ಚೋ ಕಮ್ಮಿಯೋ ಹಾಳಾಗೋಗ್ಲಿ. ಆ ಗೇಟಲ್ಲಿ ಯಾವನೂ ನನ್ನ ಹೊಸಬ್ಳಾ ಅಂತ ಕೇಳ್ಬಾರ್ದು."

ಅಕ್ಕ ಚಿಕ್ಕವಳಿದ್ದಾಗ ಅಪ್ಪನ ಜೊತೆ ಕಣದಲ್ಲಿ ರಾಗಿ ಅಳೆದವಳು. ಅಳತೆಗೆ ಅವರ ಮನೆಯಲ್ಲಿ ಒಂದು ಕ್ರಮವಿತ್ತಂತೆ. ಸೇರು ತುಂಬಿದ ಮೇಲೆ ಪಕ್ಕೆಗೆ ಅಂಗೈಯಿಂದ ಎರಡು ಏಟು ತಟ್ಟಬೇಕು. ಕಾಳು ಕುಸಿದು ಜಾಗವಾಗುತ್ತದೆ, ಅದಕ್ಕೆ ಇನ್ನೊಂದು ಹಿಡಿ ಹಾಕಬೇಕು. ಕೊಳ್ಳುವವರು ತಟ್ಟಿಸಿಕೊಳ್ಳುವುದು ಲೋಕಾರೂಢಿ; ಮಾರುವವರೇ ತಟ್ಟಿ ಕೊಡುವುದು ಇವರ ಮನೆಯ ಮರ್ಯಾದೆ. ಅವಳ ಕೈಗೆ ಅದು ಎಷ್ಟು ಹತ್ತಿತ್ತೆಂದರೆ ಕ್ಯಾಂಟೀನಿನಲ್ಲಿ ಟೀ ಲೋಟವನ್ನೂ ತಟ್ಟುತ್ತಿದ್ದಳು. ಗುಂಡಿನ ಡಬ್ಬವನ್ನೂ ಹಾಗೆಯೇ ತುಂಬಿಸುತ್ತಿದ್ದಳು. ಅರ್ಧ ಸುರಿ, ತಟ್ಟು, ಮತ್ತೆ ಸುರಿ, ತಟ್ಟು. ಡಬ್ಬ ಲೆಕ್ಕಕ್ಕೆ ಮೊದಲನೆಯದನ್ನು "ಒಂದು" ಅನ್ನುತ್ತಿರಲಿಲ್ಲ. "ಲಾಭ, ಎರಡು, ಮೂರು" ಎಂದೇ ಎಣಿಸುತ್ತಿದ್ದಳು. ಕಂಪ್ಯೂಟರಿನ ಹುಡುಗ ಮೊದಮೊದಲು ಲಾಭದ ಕಾಲಂ ಹುಡುಕಿದ್ದ.

ನಮ್ಮ ಕೆಲಸದ ಅರ್ಧ ಕಷ್ಟ ಕೆಲಸಕ್ಕೆ ಹೋಗುವುದರಲ್ಲೇ ಇತ್ತು. ಕಂಟ್ರಾಕ್ಟರ್ ಕಳಿಸುತ್ತಿದ್ದ ಟೆಂಪೋದಲ್ಲಿ ಎತ್ತರದವರು ಮೊದಲು ಹತ್ತಿ ನಿಲ್ಲಬೇಕು, ಕುಳ್ಳರು ಅವರ ಕಂಕುಳ ಸಂದಿಗೆ ಸೇರಬೇಕು. ನಾನು ಕುಳ್ಳ. ವರ್ಷಗಟ್ಟಲೆ ಬೇರೆಯವರ ಕಂಕುಳಲ್ಲಿ ಪ್ರಯಾಣ ಮಾಡಿದವನು. ಗುಂಡುಗಳ ಸಂಕಟ ನನಗೆ ಗಣಿತದಿಂದ ತಿಳಿದದ್ದಲ್ಲ.

ಅಷ್ಟರಲ್ಲಿ ಪ್ರಹ್ಲಾದ್ ಸಾರ್ ಮ್ಯಾನೇಜರಾಗಿ ಬಂದರು. ಬೆಂಗಳೂರಿನಿಂದ ಕಾರಿನಲ್ಲಿ ಬರುವವರು, ಪ್ರತಿ ವಾಕ್ಯವನ್ನೂ "ಬೇಸಿಕಲಿ" ಎಂದು ಶುರು ಮಾಡುವವರು. ನಮಸ್ಕಾರ ಅಂದರೂ "ಬೇಸಿಕಲಿ ನಮಸ್ಕಾರ". ಮಾತಾಡುವಾಗ ಎಡಗಣ್ಣು ಸ್ವಲ್ಪ ಮುಚ್ಚುತ್ತಿತ್ತು, ಕೈ ಗಾಳಿಯಲ್ಲಿ ಕಾಣದ ಬಾಗಿಲಿಗೆ ಚಿಲಕ ಹಾಕುತ್ತಿತ್ತು. ನನ್ನಂಥವನಿಗೆ ಇಂಥವರು ಹಬ್ಬದ ಊಟ. ಒಂದೇ ವಾರದಲ್ಲಿ ನಾನು ಅವರಿಗಿಂತ ಚೆನ್ನಾಗಿ ಅವರಾದೆ. ನನ್ನ ಪ್ರಹ್ಲಾದ್ ಸಾರ್ ಪೆದ್ದ, ಬಲು ಪೆದ್ದ. ಗುಂಡನ್ನು ಮೇಲಕ್ಕೆತ್ತಿ ನೋಡಿ "ಬೇಸಿಕಲಿ ಇದು ರೌಂಡ್ ಇದೆ" ಅನ್ನುತ್ತಿದ್ದ. ಟೆಂಪೋ ಪೂರ್ತಿ ನಗುತ್ತಿತ್ತು. ಲಕ್ಷ್ಮಕ್ಕ ಮಾತ್ರ ನಗುತ್ತಲೇ ಒಂದು ಮಾತು ಸೇರಿಸುತ್ತಿದ್ದಳು. ದೊಡ್ಡ ಕುರ್ಚಿಯಲ್ಲಿ ಪೆದ್ದರು ಕೂತಿರುವುದನ್ನು ತಾನು ಇನ್ನೂ ಕಂಡಿಲ್ಲ, ಪೆದ್ದರ ಹಾಗೆ ಕೂತವರನ್ನು ಕಂಡಿದ್ದೇನೆ, ಎಂದು. ನಾನು ಕೇಳಿಸಿಕೊಳ್ಳಲಿಲ್ಲ. ಅಕ್ಕನ ದನಿಯನ್ನು ಅಭ್ಯಾಸ ಮಾಡಿಕೊಳ್ಳುತ್ತಿದ್ದೆ.

ಒಂದು ದಿನ ಸಾರ್ ನಮ್ಮನ್ನೆಲ್ಲ ಸೇರಿಸಿ ಗೋಡೆಯ ಮೇಲೆ ಚಿತ್ರ ಬಿಟ್ಟರು. ಮೂಸಂಬಿ ಹಣ್ಣುಗಳನ್ನು ಗೋಪುರದಂತೆ ಪೇರಿಸಿದ ಚಿತ್ರ. ಒಂದು ಸಾಲು, ಅದರ ಕುಳಿಗಳಲ್ಲಿ ಮೇಲಿನ ಸಾಲು. ಒಂದೊಂದು ಹಣ್ಣಿಗೂ ಸುತ್ತ ಆರು, ಕೆಳಗೆ ಮೂರು, ಮೇಲೆ ಮೂರು, ಒಟ್ಟು ಹನ್ನೆರಡು ನೆಂಟರು ಒತ್ತಿಕೊಂಡಿರುತ್ತವೆ. ಹೀಗೆ ಕೂರಿಸಿದರೆ ಜಾಗದಲ್ಲಿ ನೂರಕ್ಕೆ ಎಪ್ಪತ್ತನಾಲ್ಕು ಪಾಲು ಗುಂಡೇ ಇರುತ್ತದೆ, ಉಳಿದದ್ದು ಗಾಳಿ. ಇದಕ್ಕಿಂತ ಒತ್ತಾಗಿ ಕೂರಿಸಲು ದೇವರಿಗೂ ಆಗದು ಎಂದು ಗಣಿತ ಸಾಬೀತು ಮಾಡಿದೆಯಂತೆ. ನಮ್ಮ ಡಬ್ಬಗಳಲ್ಲಿ ಅರವತ್ತರ ಚಿಲ್ಲರೆ ಮಾತ್ರ ಇತ್ತು. ನಾವು ಗಾಳಿಗೆ ಲಾರಿ ಬಾಡಿಗೆ ಕೊಡುತ್ತಿದ್ದೇವೆ ಎಂದರು.

"ಬೇಸಿಕಲಿ, ಎಪ್ಪತ್ನಾಲ್ಕು ನಿಮ್ಮ ಟಾರ್ಗೆಟ್ಟು. ಮೂರು ತಿಂಗಳು ಟೈಮು. ಒಂದು ಡಬ್ಬದಲ್ಲಿ ತೋರಿಸಿದ್ರೆ ಸಾಕು, ಲಕ್ಷ್ಮಮ್ಮನವರ ಟೀಮನ್ನ ಪರ್ಮನೆಂಟ್ ಮಾಡೋಕೆ ನಾನೇ ಬರೀತೀನಿ. ಆಗ್ಲಿಲ್ಲ ಅಂದ್ರೆ ಕುಲುಕೋ ಟೇಬಲ್ ಬರತ್ತೆ, ಟೀಮ್ ಬೇಕಾಗಲ್ಲ."

ಲಕ್ಷ್ಮಕ್ಕನ ಮುಖ ನೋಡಿದೆ. ಮನಸ್ಸಿನಲ್ಲಿ ಅವಳಾಗಲೇ ಗೇಟು ದಾಟಿ ನಡೆಯುತ್ತಿದ್ದಳು, ಸೆಕ್ಯುರಿಟಿಯವನು ಎದ್ದು ನಿಂತಿದ್ದ.

ಪರೀಕ್ಷೆಯ ವಿಧಾನವೂ ಸಾರ್‌ದೇ. ತುಂಬಿದ ಡಬ್ಬಕ್ಕೆ ಅಂಚಿನ ತನಕ ನೀರು ಹೊಯ್ಯುವುದು. ಪಿಂಗಾಣಿ ನೀರು ಕುಡಿಯುವುದಿಲ್ಲ, ಆದ್ದರಿಂದ ಎಷ್ಟು ನೀರು ಹಿಡಿಸಿತೋ ಅಷ್ಟು ಸಂದಿ. ಮೊದಲ ತಿಂಗಳೆಲ್ಲ ನಾವು ಸುರಿದೆವು, ತಟ್ಟಿದೆವು, ನೆಲಕ್ಕೆ ಕುಕ್ಕಿದೆವು, ಉರುಳಿಸಿದೆವು. ಕುಂದಾಣದ ಕಡೆಯ ಒಬ್ಬ ಹುಡುಗ ಡಬ್ಬವನ್ನು ತನ್ನ ಬೈಕಿನ ಹಿಂದೆ ಕಟ್ಟಿಕೊಂಡು ಹಳ್ಳಕೊಳ್ಳದ ದಾರಿಯಲ್ಲಿ ಒಂದು ಸುತ್ತು ಹೊಡೆಸಿ ತಂದ. ನೀರಿನ ಪರೀಕ್ಷೆ ಅರವತ್ತನಾಲ್ಕು ಎಂದಿತು. ಏನು ಮಾಡಿದರೂ ಅರವತ್ತನಾಲ್ಕು. ಪ್ರತಿ ಸಲವೂ ಗುಂಡುಗಳನ್ನು ಒರೆಸಿ ಬಿಸಿಲಿಗೆ ಹರವುವ ಕೆಲಸ ಬೇರೆ.

ನನ್ನ ತಂಗಿ ಶೋಭಾ ಪಿಯು ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಾಳೆ. ಮನೆಯ ಬುದ್ಧಿಯೆಲ್ಲ ಅವಳಿಗೆ ಹೋಗಿ ಗಂಟಲು ಮಾತ್ರ ನನಗೆ ಬಂದದ್ದು. ಅವಳನ್ನು ಕೇಳಿದೆ. ನಕ್ಕಳು. ಈ ಪ್ರಶ್ನೆ ಹಡಗಿನಲ್ಲಿ ತೋಪಿನ ಗುಂಡು ಪೇರಿಸುವುದರಿಂದ ಶುರುವಾದದ್ದಂತೆ. ನಾನೂರು ವರ್ಷದ ಹಿಂದೆ ಒಬ್ಬ ಖಗೋಳದ ಪಂಡಿತ ಮೂಸಂಬಿ ಜೋಡಣೆಯೇ ಅತಿ ಒತ್ತು ಎಂದು ಊಹಿಸಿದನಂತೆ. ಹಣ್ಣಿನಂಗಡಿಯ ಎಲ್ಲರಿಗೂ ಗೊತ್ತಿದ್ದದ್ದನ್ನು ಸಾಬೀತು ಮಾಡಲು ಪಂಡಿತರಿಗೆ ಮೊನ್ನೆ ಮೊನ್ನೆಯ ತನಕ ಬೇಕಾಯಿತಂತೆ, ಅದೂ ಕಂಪ್ಯೂಟರಿನ ಹೆಗಲ ಮೇಲೆ ಕೂತು. ಈಚೆಗೆ ಎಂಟು ಆಯಾಮದ ಲೋಕದಲ್ಲಿ ಗುಂಡು ಕೂರಿಸುವ ಬಗೆಯೂ ಇತ್ಯರ್ಥವಾಗಿದೆಯಂತೆ. ಬಾಶೆಟ್ಟಿಹಳ್ಳಿಯಲ್ಲಿ ಇರುವುದು ಮೂರೇ ಆಯಾಮ, ಅದರಲ್ಲೂ ಒಂದರಲ್ಲಿ ಟೆಂಪೋ ನಿಂತಿರುತ್ತದೆ, ಎಂದೆ.

"ಎಪ್ಪತ್ನಾಕು ನಿಜ ಕಣೋ," ಅಂದಳು. "ಆದ್ರೆ ಒಂದೊಂದಾಗಿ ಕೂರಿಸಿದ್ರೆ. ಸುರಿದು ಕುಲುಕಿದ್ರೆ ಅರವತ್ನಾಕರ ಹತ್ರ ನಿಂತೋಗತ್ತೆ. ಗುಂಡು ಒಂದಕ್ಕೊಂದು ಸಿಕ್ಕಾಕೊಂಡು ಅಲುಗಾಡಲ್ಲ."

"ಸರಿ, ಕೂರಿಸ್ತೀವಿ."

"ಕೂರಿಸಿದ್ರೂ ಬರಲ್ಲ. ಡಬ್ಬಕ್ಕೆ ಗೋಡೆ ಇದ್ಯಲ್ಲ, ಅದರ ಪಕ್ಕ ಸಾಲು ಕೆಡತ್ತೆ, ಜಾಗ ಪೋಲಾಗತ್ತೆ. ಆ ಲೆಕ್ಕ ಕೊನೆಯೇ ಇಲ್ಲದ ಜಾಗಕ್ಕೆ. ಗೋಡೆ ಇಲ್ಲದ ಡಬ್ಬ ಇದ್ರೆ ತಗೊಂಬಾ, ನಾನೇ ಎಪ್ಪತ್ನಾಕು ತೋರಿಸ್ತೀನಿ."

ಮರುದಿನ ಹಿಗ್ಗಿನಿಂದ ಸಾರ್ ಹತ್ತಿರ ಓಡಿದೆ. ಗೋಡೆಯ ವಿಷಯ, ಕುಲುಕುವ ವಿಷಯ ಎಲ್ಲ ಬಿಡಿಸಿ ಹೇಳಿದೆ. ಅವರು ಎಡಗಣ್ಣು ಮುಚ್ಚಿ ಕೇಳಿದರು. ಬೇಸಿಕಲಿ ಸೈನ್ಸೇ ಸಾಧ್ಯ ಅಂದಿರುವಾಗ ನೀವು ಮನಸ್ಸಿಟ್ಟು ಪ್ರಯತ್ನ ಪಡುತ್ತಿಲ್ಲ ಎಂದರು. ಗಾಳಿಯಲ್ಲಿ ಚಿಲಕ ಹಾಕಿದರು. ನಾನು ಈಚೆ ಬಂದು ಅದೇ ಸಂಜೆ ಟೆಂಪೋದಲ್ಲಿ ನನ್ನ ಜೀವಮಾನದ ಶ್ರೇಷ್ಠ ಪ್ರದರ್ಶನ ಕೊಟ್ಟೆ. ಗೋಡೆ ಎಂದರೇನೆಂದು ಗೊತ್ತಿಲ್ಲದೆ ಗೋಡೆಗೆ ಡಿಕ್ಕಿ ಹೊಡೆಯುವ ಮ್ಯಾನೇಜರ್. ಡ್ರೈವರ್ ನಕ್ಕು ನಕ್ಕು ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿದ.

ಲಕ್ಷ್ಮಕ್ಕ ಅವತ್ತು ನಗಲಿಲ್ಲ. ಎಷ್ಟು ಹತ್ತಿರ ಹೋಗಬಹುದು ಎಂದಷ್ಟೇ ಕೇಳಿದಳು. ಕೈಯಿಂದ ಕೂರಿಸಿದರೆ ಎಪ್ಪತ್ತರ ಸಮೀಪ ಹೋಗಬಹುದೇನೋ ಎಂದೆ. "ಹಂಗಾರೆ ಕೂರ್ಸಣ. ಹತ್ರ ಹೋದೋರ್ನ ಪೂರಾ ತಳ್ಳಾಕಿಲ್ಲ," ಅಂದಳು. ಅಷ್ಟು ವರ್ಷ ಆ ಗೇಟಿನಲ್ಲಿ ಓಡಾಡಿದ್ದವಳಿಗೆ ಆ ನಂಬಿಕೆ ಎಲ್ಲಿಂದ ಬಂತೋ.

ಕೊನೆಯ ಪರೀಕ್ಷೆಯ ಡಬ್ಬವನ್ನು ನಾವು ಹೂ ಕಟ್ಟುವವರ ಹಾಗೆ ತುಂಬಿದೆವು. ನಮ್ಮ ಡಬ್ಬ ಮೊಣಕಾಲೆತ್ತರದ ತಗಡಿನದು. ಅಕ್ಕ ಅದರೊಳಗೆ ತಲೆ ತೂರಿಸಿ ಒಂದೊಂದೇ ಗುಂಡು ಇಟ್ಟಳು, ನಾವು ಸುತ್ತ ನಿಂತು ಕೈಗೆ ಕೊಟ್ಟೆವು. ಸುತ್ತ ಆರು, ಕುಳಿಗೊಂದು. ಮಧ್ಯದಲ್ಲಿ ಸಾಲು ಕಣ್ಣಿಗೆ ಒತ್ತಿಕೊಳ್ಳುವಷ್ಟು ಚೆಂದ. ಗೋಡೆಯ ಹತ್ತಿರ ಬಂದಾಗಲೆಲ್ಲ ಅಕ್ಕ ಹಲ್ಲು ಕಚ್ಚುತ್ತಿದ್ದಳು. ಅಲ್ಲಿ ಒಂದಿಡಲು ಜಾಗ ಹೆಚ್ಚು, ಎರಡಿಡಲು ಸಾಲದು. ಶಿಫ್ಟು ಮುಗಿಯುವ ಹೊತ್ತಿಗೆ ಅವಳ ಸೊಂಟ ನೆಟ್ಟಗಾಗುತ್ತಿರಲಿಲ್ಲ. ಆ ಡಬ್ಬದ ಗುಂಡುಗಳು ಆಗತಾನೆ ಸುಡುವ ಗೂಡಿನಿಂದ ಬಂದವು, ಮೈಮೇಲೆ ಬಿಳಿ ಪುಡಿ ಹಾಗೇ ಇತ್ತು. ಒರೆಸಲು ಯಾರಿಗೂ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಪರೀಕ್ಷೆ. ದೊಡ್ಡ ಆಫೀಸಿನಿಂದ ಇಬ್ಬರು ಸಾಹೇಬರು ಬಂದಿದ್ದರು. ಅಳತೆಯ ಜಗ್ಗಿನಿಂದ ನಾನೇ ನೀರು ಹೊಯ್ದೆ. ಹೊಯ್ಯುತ್ತಾ ಹೋದಂತೆ ಡಬ್ಬ ಬೇಗ ತುಂಬಿಬಂತು, ತೀರಾ ಬೇಗ. ನೀರು ಅಂಚಿಗೆ ಬಂದು ನಿಂತಿತು. ಲೆಕ್ಕದ ಹುಡುಗ ಜಗ್ಗಿನಲ್ಲಿ ಉಳಿದ ನೀರು ನೋಡಿದ, ಕ್ಯಾಲ್ಕುಲೇಟರ್ ಒತ್ತಿದ, ಮತ್ತೊಮ್ಮೆ ಒತ್ತಿದ. "ಸಾರ್, ಎಪ್ಪತ್ನಾಲ್ಕು ಬರ್ತಿದೆ," ಅಂದ.

ನಾನು ತಕ್ಷಣ ಪ್ರಹ್ಲಾದ್ ಸಾರ್ ಮುಖ ನೋಡಿದೆ. ನನ್ನ ಚಾಳಿ ಅದು, ಹೊಸದೊಂದು ಮುಖ ಸಿಗುತ್ತದೆಂದು. ಪೆದ್ದನಿಗೆ ಖುಷಿಯಾಗಬೇಕಿತ್ತು, ತನ್ನ ಗುರಿ ಮುಟ್ಟಿತಲ್ಲ. ಆ ಮುಖದಲ್ಲಿ ಇದ್ದದ್ದು ಭಯ. ಎಡಗಣ್ಣು ಪೂರ್ತಿ ತೆರೆದಿತ್ತು. ಆಗಲಾರದ್ದು ಆಗಿಬಿಟ್ಟಾಗ, ಆಗಲಾರದೆಂದು ಮೊದಲೇ ಬಲ್ಲವನಿಗೆ ಮಾತ್ರ ಬರುವ ಮುಖ ಅದು. ಮಗ್ಗದ ಮನೆಯಲ್ಲಿ ಹುಟ್ಟಿದವನು ನಾನು, ಓದಲು ಒಂದು ಗಳಿಗೆ ಸಾಕಾಯಿತು. ಈ ಮನುಷ್ಯನಿಗೆ ಗೋಡೆಯ ವಿಷಯ ಗೊತ್ತಿತ್ತು. ನಾನು ಹೇಳುವುದಕ್ಕೆ ಮೊದಲೇ ಗೊತ್ತಿತ್ತು.

ಅದೇ ಗಳಿಗೆಯಲ್ಲಿ ಲಕ್ಷ್ಮಕ್ಕ ಸಂತೋಷಕ್ಕೆ ಡಬ್ಬದ ಹತ್ತಿರ ಬಂದಳು. ತುಂಬಿದ ಅಳತೆ ಎದುರಿಗಿತ್ತು. ಅವಳ ಅಂಗೈ ತಾನಾಗಿ ಎದ್ದು ಡಬ್ಬದ ಪಕ್ಕೆಗೆ ಎರಡು ಏಟು ತಟ್ಟಿತು.

ಗುಳುಗುಳು ಎಂದು ಗುಳ್ಳೆ ಎದ್ದವು. ಮೇಲಿನ ಪುಡಿ ನೀರಿಗೆ ಕಲೆತು ಹಿಟ್ಟಿನಂತಾಗಿ ಸಂದಿಗಳಿಗೆ ಮುಚ್ಚಳ ಹಾಕಿತ್ತು, ಕೆಳಗೆಲ್ಲ ಗಾಳಿ ಸಿಕ್ಕಿಕೊಂಡಿತ್ತು. ಏಟಿಗೆ ಅದು ಬಿಟ್ಟಿತು. ನೀರು ನಮ್ಮ ಕಣ್ಣೆದುರೇ ಇಳಿಯಿತು, ಮೇಲಿನ ಸಾಲಿನ ಗುಂಡುಗಳ ಬೆನ್ನು ಬರಿದಾಯಿತು. ಸಾಹೇಬರೊಬ್ಬರು ಇನ್ನಷ್ಟು ಹೊಯ್ಯಲು ಹೇಳಿದರು. ಹೊಯ್ದೆ. ಹುಡುಗ ಮತ್ತೆ ಒತ್ತಿದ. ಎಪ್ಪತ್ತು ಕೂಡ ಬರಲಿಲ್ಲ.

ಅಕ್ಕ ತನ್ನ ಕೈಯನ್ನೇ ನೋಡುತ್ತಿದ್ದಳು, ಬೇರೆ ಯಾರದೋ ಕೈ ಎಂಬಂತೆ. ಸಾರ್ ಎಡಗಣ್ಣು ಮತ್ತೆ ಅರ್ಧ ಮುಚ್ಚಿತ್ತು. ಟೀಮಿನ ಶ್ರಮವನ್ನು ಮೆಚ್ಚುತ್ತೇನೆ ಎಂದು ಬೇಸಿಕಲಿ ಸೇರಿಸಿ ಹೇಳಿದರು. ಸಾಹೇಬರು ಕಾರು ಹತ್ತಿದರು.

ಎಲ್ಲರೂ ಹೋದ ಮೇಲೆ ನಾನು ಪ್ರಹ್ಲಾದ್ ಸಾರನ್ನು ಬಾಗಿಲಲ್ಲಿ ನಿಲ್ಲಿಸಿದೆ. "ನಿಮಗೆ ಗೊತ್ತಿತ್ತು ಸಾರ್," ಎಂದೆ.

ಅವರು ಸುತ್ತ ನೋಡಿದರು. "ಟೇಬಲ್ಲು ನಿಮಗೆ ಟಾರ್ಗೆಟ್ ಕೊಡೋಕೆ ಮುಂಚೆನೇ ಆರ್ಡರ್ ಆಗಿದೆ, ಸೀನ. ಸುಮ್ನೆ ತೆಗೆದಾಕಿದ್ರೆ ಹತ್ತು ಜನ ಯಾಕೆ ಅಂತ ಕೇಳ್ತಾರೆ. ಟಾರ್ಗೆಟ್ ಮುಟ್ಲಿಲ್ಲ ಅಂದ್ರೆ ಅವರೇ ತಲೆ ತಗ್ಗಿಸ್ಕೊಂಡು ಹೋಗ್ತಾರೆ." ಒಂದು ಹೆಜ್ಜೆ ಹೋಗಿ ತಿರುಗಿದರು. "ನಿನ್ನ ಆಕ್ಟಿಂಗ್ ನೋಡಿದೀನಿ. ಡ್ರೈವರ್ ವಿಡಿಯೋ ಮಾಡಿ ತೋರಿಸ್ದ. ಚೆನ್ನಾಗ್ ಮಾಡ್ತೀಯ."

ಆ ಎಲ್ಲ ಮಾತಿನಲ್ಲಿ ಒಂದೇ ಒಂದು ಬೇಸಿಕಲಿ ಇರಲಿಲ್ಲ. ಅವರು ಪೆದ್ದನ ವೇಷ ಕಟ್ಟಿದ್ದರು, ನಾನು ಆ ವೇಷಕ್ಕೆ ವೇಷ ಕಟ್ಟಿ ಚಪ್ಪಾಳೆ ತಗೊಂಡಿದ್ದೆ. ನಮ್ಮಿಬ್ಬರಲ್ಲಿ ದೊಡ್ಡ ಕಲಾವಿದರು ಯಾರೆಂದು ಇನ್ನು ಹೇಳಬೇಕಾಗಿಲ್ಲ.

ಟೀಮು ಹೋಯಿತು, ತಲೆ ತಗ್ಗಿಸಿಕೊಂಡೇ. ಟೆಂಪೋದಲ್ಲಿ ಒಂದಿಬ್ಬರು ಅಕ್ಕನನ್ನೇ ಬೈದರು, ಆ ಕೈ ಸುಮ್ಮನಿದ್ದಿದ್ದರೆ ಎಂದು. ಸುಮ್ಮನಿದ್ದರೂ ಸಾರ್ ಇನ್ನೊಂದು ಡಬ್ಬ ತುಂಬಿಸುತ್ತಿದ್ದರು, ಇನ್ನೊಂದು ಗುರಿ ತರುತ್ತಿದ್ದರು, ಎಂದು ನಾನು ಹೇಳಿದೆ. ಅಕ್ಕ ಕಂಬಿ ಹಿಡಿದು ಹೊರಗೆ ನೋಡುತ್ತಾ ನಿಂತಿದ್ದಳು. ನನ್ನ ಮಾತು ಅವಳಿಗೆ ಸಮಾಧಾನವಾಯಿತೋ, ಮತ್ತಷ್ಟು ಸುಟ್ಟಿತೋ, ಆ ಒಂದು ಮುಖ ನನಗೆ ಓದಲಾಗಲಿಲ್ಲ. ಇಳಿಯುವಾಗ ಮಾತ್ರ, "ಬಿಡೋ, ಈ ಕೈ ನಮ್ಮಪ್ಪಂದು," ಅಂದಳು.

ಪರ್ಮನೆಂಟ್ ಆಗಿದ್ದ ನನ್ನನ್ನು ಉಳಿಸಿಕೊಂಡರು, ಹೊಸ ಮೇಜಿನ ಗುಂಡಿ ಒತ್ತಲು. ಹಸಿರು ಗುಂಡಿ ಒತ್ತಿದರೆ ಮೇಜು ಗಡಗಡ ನಡುಗುತ್ತಿತ್ತು, ಮೇಲಿನ ಡಬ್ಬದಲ್ಲಿ ಗುಂಡುಗಳು ಕುಸಿಯುತ್ತಿದ್ದವು. ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಆ ಡಬ್ಬಕ್ಕೂ ನೀರು ಹೊಯ್ದು, ಎರಡು ಏಟು ತಟ್ಟಿ ನೋಡಿದೆ. ಅರವತ್ತನಾಲ್ಕು. ಮೇಜಿಗೆ ಯಾರೂ ಗುರಿ ಕೊಟ್ಟಿರಲಿಲ್ಲ. ಆಮೇಲೆ ಕಂಪನಿಯೇ ಬೇರೆ ರಾಜ್ಯಕ್ಕೆ ಹೊರಟಿತು, ಮೇಜನ್ನು ಲಾರಿಗೆ ಹೇರಿದರು, ನನಗೆ ಸ್ವಯಂ ನಿವೃತ್ತಿ ಕೊಟ್ಟರು. ಪ್ರಹ್ಲಾದ್ ಸಾರ್ ಅದಕ್ಕೆ ಮೊದಲೇ ಬೇರೆ ಕಡೆ ದೊಡ್ಡವರಾಗಿ ಹೋಗಿದ್ದರು.

ಕೆಲಸಕ್ಕೆ ಸೇರುವವರೇ, ನನ್ನ ಹತ್ತಿರ ಇರುವ ಬುದ್ಧಿಮಾತು ಇಷ್ಟೇ. ನಿಮಗೆ ಯಾರಾದರೂ ಗುರಿ ಕೊಟ್ಟಾಗ ಅದು ಯಾವ ಡಬ್ಬದ ಲೆಕ್ಕ ಎಂದು ಕೇಳಿ. ಕೇಳಿದ ಮೇಲೆ ಉತ್ತರ ಕೇಳಿಸಿಕೊಳ್ಳಬೇಡಿ, ಮುಖ ನೋಡಿ. ನೋಡಿದ ಮೇಲೆ ಏನು ಮಾಡಬೇಕೆಂದು ನನಗೂ ಗೊತ್ತಿಲ್ಲ. ಗೊತ್ತಿದ್ದರೆ ಈ ವಯಸ್ಸಿಗೆ ನಿವೃತ್ತನಾಗುತ್ತಿರಲಿಲ್ಲ.

ಹೋದ ವಾರ ದೊಡ್ಡಬಳ್ಳಾಪುರದ ಸಂತೆಗೆ ಹೋಗಿದ್ದೆ. ಮೂಲೆಯಲ್ಲಿ ಕಡ್ಲೆಪುರಿಯ ರಾಶಿ ಹಾಕಿಕೊಂಡು ಲಕ್ಷ್ಮಕ್ಕ ಕೂತಿದ್ದಳು. ಕೂದಲು ಅವಳದೂ ನೆರೆತಿರಲಿಲ್ಲ, ಹಲ್ಲು ಮಾತ್ರ ಒಂದು ಹೋಗಿತ್ತು. ನನ್ನನ್ನು ಕಂಡು, ಯಾರ ಹಾಗೂ ಮಾತಾಡದೆ ನೆಟ್ಟಗೆ ಒಂದು ಮಾತಾಡೋ ಎಂದು ಛೇಡಿಸಿದಳು. ಪುರಿ ಕೊಡಕ್ಕಾ ಎಂದೆ. ಸೇರನ್ನು ರಾಶಿಗೆ ಮೆಲ್ಲಗೆ ಅದ್ದಿ, ಮೇಲೆತ್ತಿ, ಅಲುಗದಂತೆ ಹಿಡಿದು ನನ್ನ ಚೀಲಕ್ಕೆ ಬಗ್ಗಿಸಿದಳು.

"ಲಾಭ," ಅಂದಳು.

ಇನ್ನೊಂದು ಸೇರು ತುಂಬಿದಳು. ನಾನು ಅವಳ ಅಂಗೈ ನೋಡುತ್ತಿದ್ದೆ. ಅದು ಮಡಿಲಲ್ಲೇ ಇತ್ತು.

"ತಟ್ಟಲ್ವಾ ಅಕ್ಕಾ?"

"ತಟ್ಟಿದ್ದು ಸಾಕಾಯ್ತು ಕಣೋ. ಗಾಳಿನೂ ಸರಕೇ ಅಂತ ನಂಗ್ಯಾರೂ ಹೇಳ್ಕೊಟ್ಟಿರ್ಲಿಲ್ಲ," ಅಂದಳು. "ಎಲ್ಡು."

ಚೀಲವನ್ನು ಬೈಕಿನ ಹ್ಯಾಂಡಲ್ಲಿಗೆ ಸಿಕ್ಕಿಸಿಕೊಂಡು ಹೊರಟೆ. ಹೊರಡುವಾಗ ಬಾಯಿ ತನಕ ಇತ್ತು. ದಾರಿಯ ಒಂದೊಂದು ಹಂಪೂ ಅದನ್ನು ತಟ್ಟಿತು. ಮನೆ ಸೇರಿದಾಗ ಪುರಿ ಒಂದು ಗೇಣು ಕೆಳಗೆ ಇಳಿದಿತ್ತು.